ಮನೆಯಲ್ಲಿ ನೋವುಂಡ ಮಗು ತರಗತಿಯಲ್ಲಿದ್ದರೆ ಟೀಚರ್ ಏನು ಮಾಡಬಹುದು?

ನಿಮ್ಮ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗನಿದ್ದಾನೆ. ಬಾಗಿಲು ಧಡಾರನೆ ಬಡಿದರೆ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕೆಲವು ದಿನ ಸಣ್ಣ ತಪ್ಪು ತಿದ್ದಿದರೂ ಪುಸ್ತಕ ಎಸೆಯುತ್ತಾನೆ. ಮನೆಯಲ್ಲಿ ಹಿಂದೆ ಏನೋ ಆಗಿದೆ ಅನ್ನುವುದಷ್ಟೇ ನಿಮಗೆ ಗೊತ್ತು. ಅವನನ್ನು ಕೂರಿಸಿಕೊಂಡು ಕೇಳಬೇಕಾ, ಸುಮ್ಮನಿರಬೇಕಾ ಅಂತ ಕೇಳಿದ್ದೀರಿ. ಅವನಿಗೆ ರಿಯಾಯಿತಿ ಕೊಟ್ಟರೆ ಬೇರೆ ಮಕ್ಕಳಿಗೆ ಅನ್ಯಾಯ ಆಗಲ್ವಾ ಅಂತಲೂ ಬರೆದಿದ್ದೀರಿ.

ಪ್ರಾಥಮಿಕ ತರಗತಿಗಳಿಗೆ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕೆದಕಿ ಕೇಳಬೇಡಿ. ಅವನಿಗೆ ಏನಾಗಿತ್ತು ಅಂತ ಗೊತ್ತಿಲ್ಲದಿದ್ದರೂ ನೀವು ತುಂಬಾ ಮಾಡಬಹುದು. ಮುಂದೇನಾಗುತ್ತದೆ ಅಂತ ಊಹಿಸಲು ಆಗದ ಕಡೆ ಬೆಳೆದ ಮಗುವಿಗೆ, ಊಹಿಸಲು ಆಗುವ ಒಂದು ಜಾಗ ಬೇಕು. ಅದನ್ನು ಕೊಡುವುದು ನಿಮ್ಮ ಕೈಯಲ್ಲಿದೆ.

ಬಾಗಿಲು ಬಡಿದಾಗ ಅವನು ಯೋಚನೆ ಮಾಡಿ ಬೆಂಚಿನ ಕೆಳಗೆ ಹೋಗುವುದಿಲ್ಲ. ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಮೆದುಳಿನ ಭಾಗ ತಕ್ಷಣ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಮೈಯಲ್ಲಿ ಏರುತ್ತವೆ. ಹಣೆಯ ಹಿಂದಿನ ಭಾಗ, ಅಂದರೆ ಯೋಚಿಸುವ, ತಡೆದುಕೊಳ್ಳುವ ಕೆಲಸ ಮಾಡುವ ಭಾಗ, ಆ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವು ಮಕ್ಕಳು ಎದುರು ಬೀಳುತ್ತಾರೆ, ಕೆಲವರು ಓಡುತ್ತಾರೆ, ಕೆಲವರು ಮರಗಟ್ಟಿ ಕೂರುತ್ತಾರೆ. ಈ ಮೂರನೆಯವರನ್ನು ನಾವು ಗಮನಿಸುವುದೇ ಕಡಿಮೆ. ಗಲಾಟೆ ಮಾಡುವುದಿಲ್ಲವಲ್ಲ, 'ಒಳ್ಳೆ ಮಗು' ಅಂದುಬಿಡುತ್ತೇವೆ. ನಿಮ್ಮ ತರಗತಿಯಲ್ಲೂ ಅಂಥವರು ಇರಬಹುದು, ದಯವಿಟ್ಟು ನೋಡಿ.

ಆದ್ದರಿಂದ ಅವನು ಪುಸ್ತಕ ಎಸೆದ ಕ್ಷಣದಲ್ಲಿ 'ಯಾಕೆ ಹೀಗೆ ಮಾಡಿದೆ?' ಅಂತ ಕೇಳಿ ಪ್ರಯೋಜನವಿಲ್ಲ. ಉತ್ತರ ಅವನಿಗೂ ಗೊತ್ತಿರುವುದಿಲ್ಲ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ. ಹಿಂದಿನಿಂದ ಹೋಗಿ ಮುಟ್ಟಬೇಡಿ. ಅವನಿಗೆ ಕಾಣುವ ಹಾಗೆ ಪಕ್ಕದಿಂದ ಹೋಗಿ, ಅವನ ಎತ್ತರಕ್ಕೆ ಕೂತು, 'ನಾನು ಇಲ್ಲೇ ಇದ್ದೇನೆ' ಅಂದರೆ ಸಾಕು. ನೀರು ಕುಡಿಯಲಿ, ಉಸಿರು ತಹಬಂದಿಗೆ ಬರಲಿ. ಪೂರ್ತಿ ಶಾಂತವಾದ ಮೇಲೆ, ಬೇರೆ ಮಕ್ಕಳ ಎದುರಿಗಲ್ಲದೆ, ಆ ವಿಷಯಕ್ಕೆ ಬನ್ನಿ. ಪುಸ್ತಕ ಎಸೆಯುವಂತಿಲ್ಲ ಅನ್ನುವ ನಿಯಮ ಅವನಿಗೂ ಇರಲಿ. ಎಸೆದದ್ದನ್ನು ಅವನೇ ಎತ್ತಿಡಲಿ, ನೀವೂ ಕೈ ಜೋಡಿಸಿ. ನಿಯಮವನ್ನೇ ತೆಗೆದುಹಾಕಿದರೆ ಇಲ್ಲೂ ಏನು ಬೇಕಾದರೂ ಆಗಬಹುದು ಅಂತ ಅವನಿಗೆ ಅನ್ನಿಸುತ್ತದೆ. ಅದು ಅವನ ಭಯವನ್ನು ಇನ್ನೂ ಹೆಚ್ಚಿಸುತ್ತದೆ. ತರಗತಿಯಿಂದ ಹೊರಗೆ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ಸಿಟ್ಟು ಬಂದಾಗ ಮಾಡುವುದಕ್ಕಿಂತ ಅದಕ್ಕೆ ಮುಂಚೆ ಮಾಡುವುದು ಜಾಸ್ತಿ ಇದೆ. ದಿನದ ಕ್ರಮವನ್ನು ಬೆಳಿಗ್ಗೆಯೇ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ನಾಳೆ ನೀವು ರಜೆ, ಬೇರೆ ಟೀಚರ್ ಬರುತ್ತಾರೆ ಅನ್ನುವುದನ್ನು ಇವತ್ತೇ ಹೇಳಿ. ಬಾಗಿಲು ಕಾಣುವ, ಬೆನ್ನಿಗೆ ಗೋಡೆ ಇರುವ ಜಾಗದಲ್ಲಿ ಅವನನ್ನು ಕೂರಿಸಿ ನೋಡಿ. ಬೆನ್ನ ಹಿಂದೆ ಯಾರಿದ್ದಾರೆ ಅನ್ನುವ ಚಿಂತೆ ಇಲ್ಲದಿದ್ದರೆ ಪಾಠಕ್ಕೆ ಗಮನ ಸಿಗುತ್ತದೆ. ಸಣ್ಣ ಆಯ್ಕೆಗಳನ್ನು ಕೊಡಿ: ಮೊದಲು ಲೆಕ್ಕ ಮಾಡ್ತೀಯಾ, ಓದ್ತೀಯಾ? ವಾರದ ರಜೆ ಮುಗಿದ ಮರುದಿನ, ದೊಡ್ಡ ರಜೆ ಶುರುವಾಗುವ ಮುಂಚಿನ ದಿನಗಳು ಇಂಥ ಮಕ್ಕಳಿಗೆ ಕಷ್ಟ. ಎಲ್ಲರೂ ಕುಣಿಯುತ್ತಿರುವಾಗ ಇವನೊಬ್ಬ ಮುದುಡಿಕೊಂಡರೆ ಆಶ್ಚರ್ಯಪಡಬೇಡಿ. 'ನನ್ನ ಕುಟುಂಬ' ಅಂತ ಪ್ರಬಂಧ ಬರೆಸುವಾಗ, ಅಪ್ಪ ಅಮ್ಮನಿಗೆ ಕಾರ್ಡ್ ಮಾಡಿಸುವಾಗ, 'ಅಥವಾ ನಿಮಗೆ ಇಷ್ಟವಾದ ಯಾರಾದರೂ' ಅಂತ ಒಂದು ಮಾತು ಸೇರಿಸಿ. ಆ ಒಂದು ಮಾತು ಎಷ್ಟೋ ಮಕ್ಕಳನ್ನು ಕಾಪಾಡುತ್ತದೆ.

ಇನ್ನು ಅನ್ಯಾಯದ ಪ್ರಶ್ನೆ. ಇದರಲ್ಲಿ ಬಹುಪಾಲು ಇಡೀ ತರಗತಿಗೇ ಮಾಡುವಂಥದ್ದು. ಹಾಗೆ ಮಾಡಲು ಕಾರಣವೂ ಇದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ವಯಸ್ಕರಿಗೆ ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿದರು. ಹೊಡೆತ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ, ಅಮ್ಮನ ಮೇಲೆ ಹಲ್ಲೆ, ಇಂಥವು. ಸುಮಾರು ಮೂರರಲ್ಲಿ ಎರಡು ಪಾಲು ಜನ ಕನಿಷ್ಠ ಒಂದಕ್ಕಾದರೂ ಹೌದು ಅಂದರು. ಅಂದರೆ ನಿಮ್ಮ ಕಣ್ಣಿಗೆ ಬಿದ್ದವನು ಒಬ್ಬ, ಬೀಳದವರು ಎಷ್ಟೋ. ಹಾಗಂತ ಆ ಪ್ರಶ್ನೆಗಳನ್ನು ಹಿಡಿದು ಮಕ್ಕಳಿಗೆ ಅಂಕ ಹಾಕಲು ಹೋಗಬೇಡಿ. ಒಂದೊಂದು ಮಗುವನ್ನು ಅಳೆಯುವ ಸಾಧನ ಅದಲ್ಲ ಅಂತ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ.

ಕೆದಕಬೇಡಿ ಅಂದೆ. ಆದರೆ ಅವನೇ ಒಂದು ದಿನ ಬಂದು ಹೇಳಿದರೆ? ಆಗ ಕೆಲಸ ಬಿಟ್ಟು ಕೇಳಿ. ಗಾಬರಿ ಮುಖದಲ್ಲಿ ಕಾಣಿಸದಿರಲಿ. 'ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ' ಅನ್ನಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಅವನು ಬಳಸಿದ ಪದಗಳಲ್ಲೇ ಬರೆದು, ದಿನಾಂಕ ಹಾಕಿ, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಇರುವವರಿಗೆ ಅದೇ ದಿನ ತಲುಪಿಸಿ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಅನ್ನುವ ಅನುಮಾನ ಬಂದರೆ ದೂರು ಕೊಡಲೇಬೇಕು ಅಂತ ಬಹಳಷ್ಟು ದೇಶಗಳಲ್ಲಿ ಕಾನೂನೇ ಇದೆ. ವಿಚಾರಣೆ ನಿಮ್ಮ ಕೆಲಸವಲ್ಲ. ಅನುಮಾನ ಮನೆಯವರ ಮೇಲೇ ಇದ್ದರೆ ಅವರನ್ನು ಮೊದಲು ಕರೆದು ಕೇಳುವುದು ಮಗುವಿಗೆ ಅಪಾಯ ತರಬಹುದು.

ನಾನೊಬ್ಬಳು ಟೀಚರ್, ನನ್ನಿಂದ ಎಷ್ಟಾಗುತ್ತೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಎಮ್ಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದರು. ತುಂಬಾ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಮಕ್ಕಳು ಗಟ್ಟಿಯಾದ, ಒಳ್ಳೆಯ ಮನುಷ್ಯರಾದರು. ಅವರ ಬದುಕಿನಲ್ಲಿ ನಂಬಬಹುದಾದ ಯಾರಾದರೊಬ್ಬ ದೊಡ್ಡವರು ಇದ್ದರು. ಎಷ್ಟೋ ಸಲ ಅದು ಟೀಚರ್. ಹಾಗಂತ ಚಿಕಿತ್ಸೆಯನ್ನೂ ನೀವೇ ಹೊರಬೇಕಾಗಿಲ್ಲ, ಅದಕ್ಕೆ ಕೌನ್ಸೆಲರ್ ಬೇಕು. ಶಾಲೆಯಲ್ಲಿ ಇಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಒತ್ತಾಯಿಸಿ.

ಮತ್ತೆ, ಅವನ ಮನೆಯ ವಿಷಯ ಸ್ಟಾಫ್ ರೂಮಿನಲ್ಲಿ ಮಾತಾಗದಿರಲಿ. ಬೇರೆ ಟೀಚರುಗಳಿಗೆ, ಆಟದ ಮೇಷ್ಟ್ರಿಗೂ ಸೇರಿ, ಗೊತ್ತಿರಬೇಕಾದದ್ದು ಇಷ್ಟೇ: 'ಜೋರು ಸದ್ದಿಗೆ ಬೆಚ್ಚುತ್ತಾನೆ, ಹಿಂದಿನಿಂದ ಮುಟ್ಟಬೇಡಿ, ಬೆಂಚಿನ ಕೆಳಗೆ ಹೋದರೆ ಎಳೆಯಬೇಡಿ, ನನ್ನನ್ನು ಕರೆಯಿರಿ.'