ಡಿಎಪಿ ಕೊಟ್ಟರೂ ಜೋಳದ ಗರಿ ನೇರಳೆ!

ಪ್ರಶ್ನೆ: ಪಿರಿಯಾಪಟ್ಟಣದ ಹತ್ತಿರ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಜಮೀನು. ಮುಸುಕಿನ ಜೋಳ ಮೊಣಕಾಲುದ್ದಕ್ಕೇ ನಿಂತಿದೆ, ಗರಿಯ ಅಂಚು ನೇರಳೆಯಾಗಿದೆ. ಡಿಎಪಿ ಎರಡು ಪಟ್ಟು ಕೊಟ್ಟರೂ ಏಳಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದಾಗ ರಸಸಾರ (ಪಿಎಚ್) 5.1 ಬಂತು. ಮಂಡ್ಯದ ನಂಟರು ಜಿಪ್ಸಂ ಹಾಕು ಅಂತಾರೆ. ಹಾಕಬಹುದೇ?

ಉತ್ತರ: ಜಿಪ್ಸಂ ಬೇಡ. ನಿಮ್ಮ ನಂಟರು ನೋಡಿರುವುದು ನಾಲೆ ಬಯಲಿನ ಚೌಳು ಭೂಮಿ. ಸೋಡಿಯಂ ಹೆಚ್ಚಾದ ಅಲ್ಲಿ ಅದು ಸರಿಯಾದ ಮದ್ದು. ನಿಮ್ಮದು ಹುಳಿ ಮಣ್ಣು; ರಸಸಾರದ ಅಂಕ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಜಿಪ್ಸಂನಿಂದ ಕ್ಯಾಲ್ಸಿಯಂ, ಗಂಧಕ ಸಿಗುತ್ತವೆಯೇ ಹೊರತು ಹುಳಿ ಇಳಿಯುವುದಿಲ್ಲ.

ನೇರಳೆ ಬಣ್ಣ ರಂಜಕದ (ಫಾಸ್ಫರಸ್) ಕೊರತೆಯ ಗುರುತು. ಡಿಎಪಿಯಲ್ಲಿ ರಂಜಕ ಕೊಟ್ಟಿದ್ದೀರಿ, ಗಿಡಕ್ಕೆ ದಕ್ಕಿಲ್ಲ, ಅಷ್ಟೇ. ರಸಸಾರ 5.5ಕ್ಕಿಂತ ಇಳಿದರೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಕಟ್ಟಿಹಾಕುತ್ತವೆ. ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಬೇರು ತೊಳೆದು ನೋಡಿ. ಬೇರು ಮೋಟಾಗಿ, ದಪ್ಪಗೆ, ತುದಿ ಕಂದಾಗಿ, ಕವಲು ಬೇರುಗಳೇ ಇಲ್ಲದಿದ್ದರೆ ಅಲ್ಯೂಮಿನಿಯಂ ನಂಜು ಎಂದೇ ತಿಳಿಯಿರಿ. ಅಂಥ ಬೇರಿಗೆ ಎಷ್ಟು ಗೊಬ್ಬರ ಸುರಿದರೂ ದಂಡ. 5.1 ಮತ್ತು 6.1ರ ನಡುವೆ ಒಂದೇ ಅಂಕದ ವ್ಯತ್ಯಾಸ ಎನ್ನಿಸಬಹುದು. ಹುಳಿಯ ಲೆಕ್ಕದಲ್ಲಿ ಅದು ಹತ್ತು ಪಟ್ಟು.

ಈ ಬೆಳೆಗೆ ಇನ್ನು ಹೆಚ್ಚೇನೂ ಮಾಡಲಾಗದು. ಮುಂದಿನ ಬಿತ್ತನೆಗೆ ಮೂರು-ನಾಲ್ಕು ವಾರ ಮೊದಲು, ಮಣ್ಣು ಹಸಿ ಇದ್ದಾಗ, ಹುಳಿ ತಗ್ಗಿಸಲು ನುಣ್ಣನೆಯ ಕೃಷಿ ಸುಣ್ಣವನ್ನು (ಸುಣ್ಣಕಲ್ಲಿನ ಪುಡಿ) ಎರಚಿ 15 ಸೆಂ.ಮೀ. ಆಳಕ್ಕೆ ಉತ್ತು ಬೆರೆಸಿ. ಪ್ರಮಾಣವನ್ನು ರಸಸಾರವೊಂದನ್ನೇ ನೋಡಿ ಹೇಳಲಾಗದು. ಮರಳು ಮಣ್ಣಿಗೆ ಕಡಿಮೆ ಸಾಕು, ಜೇಡಿಗೆ ಹೆಚ್ಚು ಬೇಕು. ಪರೀಕ್ಷೆ ಮಾಡಿದವರಲ್ಲಿ 'ಸುಣ್ಣದ ಅಗತ್ಯ' ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಒಮ್ಮೆಗೇ ಅಷ್ಟು ಖರ್ಚು ಕಷ್ಟವಾದರೆ ಎಕರೆಗೆ ಒಂದರಿಂದ ಒಂದೂವರೆ ಕ್ವಿಂಟಲ್‌ನಂತೆ ಪ್ರತಿವರ್ಷ ಬಿತ್ತನೆ ಸಾಲಿಗೇ ಹಾಕುತ್ತ ಬನ್ನಿ. ವರದಿಯಲ್ಲಿ ಮೆಗ್ನೀಸಿಯಂ ಕಡಿಮೆ ಇದ್ದರೆ ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲಾದ ಡಾಲೊಮೈಟ್ ಮೇಲು. ಸುಟ್ಟ ಸುಣ್ಣವೇ ಸಿಕ್ಕಿದರೆ 100 ಕೆ.ಜಿ. ಕೃಷಿ ಸುಣ್ಣದ ಜಾಗಕ್ಕೆ 56 ಕೆ.ಜಿ. ಸಾಕು, ಕೈ, ಕಣ್ಣು ಜೋಪಾನ.

ಸುಣ್ಣದ ಜೊತೆ ಯೂರಿಯಾ, ಡಿಎಪಿ ಕಲಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ಘಾಟು ಬಡಿಯುತ್ತದೆ. ಹುಳಿ ಏರಲು ಯೂರಿಯಾದ ಕೈವಾಡವೂ ಉಂಟು: 45 ಕೆ.ಜಿ.ಯ ಒಂದು ಮೂಟೆ ಉಳಿಸುವ ಹುಳಿಯನ್ನು ತಣಿಸಲು ಸುಮಾರು 36 ಕೆ.ಜಿ. ಸುಣ್ಣ ಬೇಕು.

ರಸಸಾರ 6.5 ಮುಟ್ಟಿದರೆ ಸುಣ್ಣ ನಿಲ್ಲಿಸಿ. ಅದಕ್ಕೂ ಮೇಲೆ ಹೋದರೆ ಸತು, ಕಬ್ಬಿಣ ಸಿಗದೆ ಎಳೆ ಗರಿಗೆ ಬಿಳಿ ಪಟ್ಟೆ ಬರುತ್ತದೆ. ಜೋಳದ ನಂತರ ಆಲೂಗಡ್ಡೆ ಹಾಕುವ ಯೋಚನೆಯಿದ್ದರೆ ಸುಣ್ಣದಲ್ಲಿ ಇನ್ನೂ ಕೈ ಬಿಗಿಹಿಡಿಯಿರಿ. ಹುಳಿ ಕಡಿಮೆಯಾದ ನೆಲದಲ್ಲಿ ಗೆಡ್ಡೆಗೆ ಕಜ್ಜಿ ರೋಗ ಜಾಸ್ತಿ.