ಹೊಸ ಮ್ಯಾಕ್ ಮಿನಿ ಬರುವ ತನಕ ಕಾಯಲೇ, ಈಗಿರುವುದನ್ನೇ ಕೊಳ್ಳಲೇ?

ನೀವು ಕೇಳಿರುವುದು ಇಷ್ಟು: ನಿಮ್ಮಲ್ಲಿ 2014ರ ಮ್ಯಾಕ್ ಮಿನಿ, ಅಂದರೆ ಆ್ಯಪಲ್ ಕಂಪನಿಯ ಪುಟ್ಟ ಡಬ್ಬಿಯಂಥ ಕಂಪ್ಯೂಟರ್ ಇದೆ. 8 ಜಿಬಿ ಮೆಮೊರಿ, ಒಳಗೆ ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್. ಫೋನಿನಲ್ಲಿ ಪಾಠಗಳನ್ನು ಚಿತ್ರೀಕರಿಸಿ, ಮಿನಿಯಲ್ಲಿ ಕತ್ತರಿಸಿ ಜೋಡಿಸಿ ಮಕ್ಕಳಿಗೆ ಕಳಿಸುತ್ತೀರಿ. ಒಂದು ಪಾಠ ಎಕ್ಸ್‌ಪೋರ್ಟ್ ಆಗಲು, ಅಂದರೆ ಕಳಿಸಬಹುದಾದ ಒಂದೇ ವಿಡಿಯೋ ಆಗಿ ಹೊರಬರಲು, ರಾತ್ರಿಯಿಡೀ ಬೇಕಾಗುತ್ತಿದೆ. ಆ್ಯಪಲ್‌ನ ಹೊಸ ಎಂ5 ಚಿಪ್ಪಿನ ಮಿನಿ ಇನ್ನೇನು ಬಂದೇಬಿಟ್ಟಿತು ಎಂದು ಎಲ್ಲೆಡೆ ಕೇಳುತ್ತಿರುವಾಗ ಈಗಿರುವ ಎಂ4 ಚಿಪ್ಪಿನ ಮಿನಿ ಕೊಂಡರೆ ಮುಂದೆ ಕೈಕೈ ಹಿಸುಕಿಕೊಳ್ಳಬೇಕಾದೀತೇ ಎಂಬುದು ನಿಮ್ಮ ಅಳುಕು.

ಕಾಯಬೇಡಿ, ಎಂ4 ಕೊಳ್ಳಿ. ನಾನು ಇದನ್ನು ಬರೆಯುತ್ತಿರುವುದು 2025ರ ನವೆಂಬರ್‌ನಲ್ಲಿ. ಮುಂದಿನ ತಿಂಗಳೇ ಹೊಸದು ಬಂದರೂ ಈ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಕಾಯುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಹತ್ತಿರ 2012ರ ಮಿನಿ ಇತ್ತು. ತಳದ ದುಂಡನೆಯ ಮುಚ್ಚಳಕ್ಕೆ ಎರಡು ಹೆಬ್ಬೆರಳು ಒತ್ತಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಮೆಮೊರಿಯನ್ನು ನಾನೇ 16 ಜಿಬಿಗೆ ಏರಿಸಿದ್ದೆ. 2014ರಲ್ಲಿ ಹೊಸ ಮಾದರಿ ಬರುತ್ತದೆಂದು ತಿಂಗಳುಗಟ್ಟಲೆ ಕಾದೆ. ಅಕ್ಟೋಬರ್‌ನಲ್ಲಿ ಬಂತು. ಆದರೆ ಹಿಂದಿನ ಮಾದರಿಯಲ್ಲಿ ಸಿಗುತ್ತಿದ್ದ ನಾಲ್ಕು ಕೋರಿನ (ಒಟ್ಟಿಗೆ ಲೆಕ್ಕ ಮಾಡುವ ನಾಲ್ಕು ಘಟಕಗಳ) ಪ್ರೊಸೆಸರ್ ಹೊಸದರಲ್ಲಿ ಇರಲಿಲ್ಲ, ಎರಡು ಕೋರಿನವು ಮಾತ್ರ. ಮೆಮೊರಿಯನ್ನೂ ಬೋರ್ಡಿಗೇ ಬೆಸುಗೆ ಹಾಕಿದ್ದರು. ಸರಿ, ಮುಂದಿನದಕ್ಕೆ ನೋಡೋಣ ಎಂದುಕೊಂಡೆ. ಆ 'ಮುಂದಿನದು' ಬಂದದ್ದು 2018ರ ಅಕ್ಟೋಬರ್ 30ಕ್ಕೆ, ಅಂದರೆ ನಾಲ್ಕು ವರ್ಷದ ಮೇಲೆ. ನಡುವೆ, 2017ರಲ್ಲಿ, ಒಬ್ಬ ಗ್ರಾಹಕರ ಇಮೇಲ್‌ಗೆ ಆ್ಯಪಲ್‌ನ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಉತ್ತರ ಬರೆದು ಮಿನಿಗೆ ಮುಂದೆಯೂ ಮುಖ್ಯ ಸ್ಥಾನವಿದೆ ಎಂದಿದ್ದರು. ಅದರಲ್ಲಿ ದಿನಾಂಕ ಇರಲಿಲ್ಲ. ಆದರೂ ಆ ಒಂದು ಸಾಲನ್ನು ಹಿಡಿದುಕೊಂಡು ನನ್ನಂಥವರು ಇನ್ನೂ ಒಂದು ವರ್ಷ ಕೂತೆವು.

ಆ ವರ್ಷಗಳಲ್ಲಿ ನಾನು ಕಳೆದುಕೊಂಡದ್ದು ಪ್ರೊಸೆಸರಿನ ವೇಗವನ್ನಲ್ಲ. ಮನೆಯಲ್ಲಿ ಹಳೇ ವಿಡಿಯೋ ಕ್ಯಾಮೆರಾದ ಮಿನಿಡಿವಿ ಟೇಪುಗಳ ಒಂದು ಡಬ್ಬಿ ಇತ್ತು. ಅಪ್ಪ ಮಾತಾಡಿದ್ದು, ತಂಗಿಯ ಮದುವೆ, ಮಕ್ಕಳು ಅಂಬೆಗಾಲಿಡುತ್ತಿದ್ದುದು ಎಲ್ಲಾ ಅದರಲ್ಲಿತ್ತು. ಹೊಸ ಯಂತ್ರ ಬಂದ ಮೇಲೆ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಚೆಂದವಾಗಿ ಎಡಿಟ್ ಮಾಡುತ್ತೇನೆ ಎಂದು ಅಮ್ಮನಿಗೆ ವರ್ಷ ವರ್ಷವೂ ಹೇಳುತ್ತಾ ಬಂದೆ. 2018ರ ಮಿನಿ ಕೊಂಡು, ಡಬ್ಬಿ ತೆಗೆದರೆ ಮೂರು ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಅಪ್ಪ ಮಾತಾಡಿದ ಟೇಪು ಅವುಗಳಲ್ಲೊಂದು.

ಇನ್ನೂ ಒಂದು ಸಂಗತಿ ಅವತ್ತೇ ತಿಳಿಯಿತು. ಆ ಟೇಪುಗಳನ್ನು ಇಳಿಸಲು ಫೈರ್‌ವೈರ್ ಎಂಬ, ಆ ಕಾಲದ ಕ್ಯಾಮೆರಾ ಜೋಡಿಸುವ ಕಿಂಡಿ ಬೇಕು. ಅದಿದ್ದದ್ದು ನನ್ನ ಹಳೆಯ 2012ರ ಮಿನಿಯಲ್ಲಿ. 2014ರಿಂದಲೇ ಅದನ್ನು ತೆಗೆದುಬಿಟ್ಟಿದ್ದರು. ಹೊಸದರಲ್ಲಿದ್ದ ವೇಗದ ಕಿಂಡಿ ಥಂಡರ್‌ಬೋಲ್ಟ್. ಅದಕ್ಕೆ ಥಂಡರ್‌ಬೋಲ್ಟ್ 3ರಿಂದ 2ಕ್ಕೆ ಒಂದು ಅಡಾಪ್ಟರ್, 2ರಿಂದ ಫೈರ್‌ವೈರ್‌ಗೆ ಇನ್ನೊಂದು, ಹೀಗೆ ಒಂದಕ್ಕೊಂದು ಪೋಣಿಸಬೇಕಾಗಿತ್ತು. ಟೇಪಿನಿಂದ ಇಳಿಸುವುದೇನೂ ಯಂತ್ರಕ್ಕೆ ಭಾರವಾದ ಕೆಲಸವಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ, ಸುಮಾರು 13 ಜಿಬಿ ಜಾಗ, ಅಷ್ಟೇ. ನಾಲ್ಕು ವರ್ಷವೂ ಆ ಕೆಲಸಕ್ಕೆ ತಕ್ಕ ಯಂತ್ರ ನನ್ನ ಮೇಜಿನ ಮೇಲೇ ಇತ್ತು. ಉಳಿದ ಟೇಪುಗಳನ್ನು ಕೊನೆಗೂ ಅದರಲ್ಲೇ ಇಳಿಸಿದೆ. 2025ರಲ್ಲಿ ಬಂದ ಟಾಹೋದಲ್ಲಂತೂ (ಇದು ಮ್ಯಾಕ್‌ಗಳ ಆಪರೇಟಿಂಗ್ ಸಿಸ್ಟಮ್ ಮ್ಯಾಕ್‌ಒಎಸ್‌ನ ಆವೃತ್ತಿ) ಫೈರ್‌ವೈರ್‌ಗೆ ಬೆಂಬಲವೇ ಇಲ್ಲ. ನಿಮ್ಮ ಮನೆಯಲ್ಲೂ ಅಂಥ ಟೇಪುಗಳಿದ್ದರೆ ಹಳೆಯ ಫೈರ್‌ವೈರ್ ಯಂತ್ರ ಇಟ್ಟುಕೊಂಡಿರುವ ಯಾರನ್ನಾದರೂ ಹುಡುಕಿ ಈಗಲೇ ಇಳಿಸಿಕೊಳ್ಳಿ.

ಈಗ ಎಂ5 ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಅದು 14 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಬಂದದ್ದು ನಿಜ. ಲ್ಯಾಪ್‌ಟಾಪಿಗೆ ಬಂದ ಮೇಲೆ ಮಿನಿಗೂ ಬಂದ ಹಾಗೆಯೇ ಎಂದು ಜನ ಲೆಕ್ಕ ಹಾಕುತ್ತಾರೆ. ಹಿಂದೆ ಏನಾಯಿತು ನೋಡಿ. 2020ರ ನವೆಂಬರ್‌ನಲ್ಲಿ ಎಂ1 ಬಂದಾಗ ಮಿನಿಗೂ ಅದೇ ದಿನ ಬಂತು. ಎಂ2 ಪ್ರಕಟವಾದದ್ದು 2022ರ ಜೂನ್‌ನಲ್ಲಿ, ಮಿನಿಗೆ ಬರುವಾಗ 2023ರ ಜನವರಿ. 2023ರ ಅಕ್ಟೋಬರ್‌ನಲ್ಲಿ ಬಂದ ಎಂ3 ಮಿನಿಯ ಕಡೆಗೆ ತಲೆ ಹಾಕಲೇ ಇಲ್ಲ. ಅದಕ್ಕಾಗಿ ಕಾದವರು ಇನ್ನೊಂದು ವರ್ಷ ಕಾದು 2024ರ ಕೊನೆಯಲ್ಲಿ ಎಂ4 ಪಡೆದರು. ಆ ಎಂ4 ಕೂಡ ಮೊದಲು ಕಾಣಿಸಿಕೊಂಡದ್ದು ಮೇ ತಿಂಗಳಲ್ಲಿ, ಐಪ್ಯಾಡ್ ಪ್ರೋದಲ್ಲಿ. ಒಮ್ಮೆ ಅದೇ ದಿನ, ಒಮ್ಮೆ ಏಳು ತಿಂಗಳು, ಒಮ್ಮೆ ಇಲ್ಲವೇ ಇಲ್ಲ. ಇದನ್ನು ನಂಬಿ ನಿಮ್ಮ ಮಕ್ಕಳ ಪಾಠಗಳನ್ನು ನಿಲ್ಲಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಬಂದರೂ ಎಷ್ಟು ವೇಗ ಹೆಚ್ಚೀತು? ಕಂಪನಿಯೇ ಹೇಳಿಕೊಂಡಿರುವುದು, ಎಲ್ಲಾ ಕೋರುಗಳೂ ಒಟ್ಟಿಗೆ ದುಡಿಯುವ ಕೆಲಸಗಳಲ್ಲಿ ಎಂ4ಗಿಂತ ಎಂ5 ಶೇ 15ರವರೆಗೆ ವೇಗ ಎಂದು. ಮೆಮೊರಿಯಿಂದ ದತ್ತಾಂಶ ಹರಿಯುವ ವೇಗ ಸೆಕೆಂಡಿಗೆ 120 ಜಿಬಿಯಿಂದ 153 ಜಿಬಿಗೆ ಏರಿದೆ. ಎಐ ಚಾಟ್‌ಬಾಟ್‌ಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳನ್ನು ಸ್ವಂತ ಯಂತ್ರದಲ್ಲೇ ಓಡಿಸುವವರಿಗೆ ಇದು ನಿಜಕ್ಕೂ ದೊಡ್ಡ ಮಾತು. ಅಂಥವರು, ಈಗಿರುವ ಯಂತ್ರ ಚೆನ್ನಾಗಿ ಓಡುತ್ತಿದ್ದರೆ, ಕಾಯಲಿ. ನಿಮ್ಮ ಪಾಠಕ್ಕೆ ಹತ್ತು ನಿಮಿಷದ ಬದಲು ಒಂಬತ್ತು ನಿಮಿಷವಾದರೆ ಏನು ವ್ಯತ್ಯಾಸ? ನೀವು ಜಿಗಿಯುತ್ತಿರುವುದು ಎರಡು ಕೋರಿನಿಂದ ಹತ್ತು ಕೋರಿಗೆ, ತಿರುಗುವ ಡಿಸ್ಕಿನಿಂದ ತಿರುಗುವ ಭಾಗವೇ ಇಲ್ಲದ, ಬಹಳ ವೇಗದ ಎಸ್‌ಎಸ್‌ಡಿಗೆ.

ರಾತ್ರಿಯಿಡೀ ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಈಚಿನ ಎಷ್ಟೋ ಫೋನುಗಳು ವಿಡಿಯೋವನ್ನು ಎಚ್‌ಇವಿಸಿ ಎಂಬ ಬಿಗಿಯಾದ ರೂಪದಲ್ಲಿ ಉಳಿಸುತ್ತವೆ. ಅದನ್ನು ಬಿಡಿಸಲು ಬೇಕಾದ ಪ್ರತ್ಯೇಕ ಯಂತ್ರಾಂಶ ನಿಮ್ಮ 2014ರ ಇಂಟೆಲ್ ಚಿಪ್ಪಿನಲ್ಲಿಲ್ಲ. ಒಂದೊಂದು ಚೌಕಟ್ಟನ್ನೂ ಆ ಎರಡು ಕೋರುಗಳೇ ಏದುಸಿರು ಬಿಡುತ್ತಾ ಬಿಡಿಸಬೇಕು. ನಿಮ್ಮದು ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಫೋನಿನಲ್ಲಿ ಜಾಗ ಹೆಚ್ಚು ತಿನ್ನುತ್ತದೆ, ಆದರೆ ಮಿನಿಗೆ ಎಡಿಟಿಂಗ್ ಹಗುರವಾಗುತ್ತದೆ. ಹೊಸ ಯಂತ್ರ ಮನೆಗೆ ಬರುವ ತನಕ ಇದೊಂದು ಉಪಾಯ. ಎಂ4 ಬಂದ ಮೇಲೆ ಇದರ ಗೊಡವೆ ಬೇಡ, ಎರಡೂ ರೂಪಗಳಿಗೆ ಬೇಕಾದ ಯಂತ್ರಾಂಶ ಅದರಲ್ಲಿದೆ.

ಎಂ4ರಲ್ಲಿ ಯಾವುದನ್ನು ಆರಿಸಬೇಕು ಎಂದರೆ, 16 ಜಿಬಿ ಮೆಮೊರಿಯ ಮೂಲ ಮಾದರಿಯೇ ಸಾಕು. ಕೊಂಡ ಮೇಲೆ ಮೆಮೊರಿ ಹೆಚ್ಚಿಸಲು ಆಗುವುದಿಲ್ಲ. ಹಾಗಾಗಿ ಮುಂದೆ ಇನ್ನೂ ಭಾರದ ಕೆಲಸ ಮಾಡುವ ಯೋಚನೆ ಇದ್ದರೆ ಮಾತ್ರ 24 ಜಿಬಿ ನೋಡಿ. 256 ಜಿಬಿ ಸಂಗ್ರಹ ವಿಡಿಯೋಗಳಿಗೆ ಬೇಗ ತುಂಬಿಹೋಗುತ್ತದೆ, ಆದರೆ ಹೊರಗಿನ ಒಂದು ಎಸ್‌ಎಸ್‌ಡಿಯನ್ನು ಯಾವಾಗ ಬೇಕಾದರೂ ಜೋಡಿಸಬಹುದು. ಪವರ್ ಬಟನ್ ತಳದಲ್ಲಿದೆ ಎಂದು ತುಂಬಾ ಜನ ದೂರುತ್ತಾರೆ. ದಿನವೂ ಆಫ್ ಮಾಡುವ ಯಂತ್ರವಲ್ಲ ಇದು, ನನಗೇನೂ ತೊಂದರೆ ಅನ್ನಿಸಿಲ್ಲ.

ಗಮನ ಇಡಬೇಕಾದ್ದು ಕಿಂಡಿಗಳ ಮೇಲೆ. ಇದರಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ-ಎ ಒಂದೂ ಇಲ್ಲ. ಮುಂದೆ ಎರಡು ಯುಎಸ್‌ಬಿ-ಸಿ, ಒಂದು ಹೆಡ್‌ಫೋನ್ ಕಿಂಡಿ, ಹಿಂದೆ ಮೂರು ಥಂಡರ್‌ಬೋಲ್ಟ್, ಎಚ್‌ಡಿಎಂಐ, ನೆಟ್‌ವರ್ಕ್ ಕೇಬಲ್ ಕಿಂಡಿ, ಇಷ್ಟೇ. ಇವತ್ತೇ ನಿಮ್ಮ ಹಳೇ ಮಿನಿಯ ಬೆನ್ನು ತಿರುಗಿಸಿ, ಯಾವ ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಮೈಕ್, ಪ್ರಿಂಟರ್, ಕೀಬೋರ್ಡ್ ಎಲ್ಲಾ ಹಳೇ ಪ್ಲಗ್ಗಿನವೇ ಆಗಿದ್ದರೆ ಜೊತೆಗೊಂದು ಹಬ್, ಅಂದರೆ ಒಂದು ಕಿಂಡಿಗೆ ಹಲವು ಹಳೇ ಪ್ಲಗ್ಗು ಜೋಡಿಸುವ ಡಬ್ಬಿ, ಬೇಕು.

ಅಷ್ಟು ಹೇಳಿದರೂ ಕಾಯಲೇಬೇಕು ಅನ್ನಿಸಿದರೆ, ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಮಾಡಿ. ಆ ದಿನದೊಳಗೆ ಬಾರದಿದ್ದರೆ ಆಗ ಅಂಗಡಿಯಲ್ಲಿ ಏನಿದೆಯೋ ಅದನ್ನು ಕೊಳ್ಳಿ. ನಾನು ಹಾಗೆ ಗುರುತು ಮಾಡಿಕೊಂಡಿದ್ದರೆ ಅಪ್ಪನ ಟೇಪು ಉಳಿಯುತ್ತಿತ್ತೇನೋ. ಅಲ್ಲಿಯವರೆಗೆ ಯುಎಸ್‌ಬಿ 3ರ ಒಂದು ಎಸ್‌ಎಸ್‌ಡಿ ತಂದು, ಅದರ ಮೇಲೆ ಮ್ಯಾಕ್‌ಒಎಸ್ ಹಾಕಿ ಅದರಿಂದಲೇ ಯಂತ್ರವನ್ನು ಶುರು ಮಾಡಿ. ಮಿನಿಯನ್ನು ಬಿಚ್ಚಬೇಕಾಗಿಲ್ಲ, ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ಮುಂದೆ ಎಂ4 ಬಂದರೂ ಆ ಎಸ್‌ಎಸ್‌ಡಿ ವಿಡಿಯೋ ಇಡಲು ಬೇಕೇ ಬೇಕಾಗುತ್ತದೆ. ಆದರೆ ನಿಮ್ಮ ಯಂತ್ರ ಮ್ಯಾಕ್‌ಒಎಸ್‌ನ 2021ರ ಆವೃತ್ತಿಯಾದ ಮಾಂಟೆರೆಯಿಂದ ಮುಂದಕ್ಕೆ ಹೋಗುವುದಿಲ್ಲ, ಅದಕ್ಕೆ ಭದ್ರತೆಯ ತಿದ್ದುಪಡಿಗಳೂ ನಿಂತಿವೆ ಎನ್ನುವುದು ನೆನಪಿರಲಿ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಬೇಡಿ.

ಕೊಳ್ಳುವುದು ಯಾವಾಗಲಾದರೂ ಇರಲಿ, ಹತ್ತು ವರ್ಷ ದಾಟಿದ ಆ ಹಾರ್ಡ್ ಡಿಸ್ಕ್ ಯಾವ ಗಳಿಗೆಯಲ್ಲಾದರೂ ಕೈಕೊಡಬಹುದು. ಈ ಉತ್ತರ ಓದಿ ಮುಗಿಸಿದ ಕೂಡಲೇ ಬೇರೊಂದು ಡಿಸ್ಕ್ ಜೋಡಿಸಿ ಮ್ಯಾಕ್‌ನಲ್ಲೇ ಇರುವ ಬ್ಯಾಕಪ್ ತಂತ್ರಾಂಶ ಟೈಮ್ ಮೆಷೀನ್ ಚಾಲೂ ಮಾಡಿ, ಪಾಠಗಳ ಮೂಲ ವಿಡಿಯೋಗಳೆಲ್ಲ ಅದರಲ್ಲಿ ಸೇರಿವೆಯೇ ಎಂದು ತೆರೆದು ನೋಡಿ. ಆಮೇಲೆ ವೈರುಗಳ ಪಟ್ಟಿಯನ್ನು ಇಲ್ಲಿ ಹಾಕಿ, ಯಾವ ಹಬ್ ಸಾಕೆಂದು ನೋಡಿ ಹೇಳುತ್ತೇನೆ.