ಸ್ವಭಾವ ಅನ್ನುವ ಮುಂಚೆ ಒಂದು ಗೆರೆ

ಓದುಗರ ಪತ್ರ: ನನ್ನ ಮಗಳು ಸೈಕಾಲಜಿ ತೆಗೆದುಕೊಂಡು ಬಿ.ಎ. ಮುಗಿಸಿದ್ದಾಳೆ. ಈಗ ಯೂನಿವರ್ಸಿಟಿಗೆ ಹೋಗಿ ಬಿಹೇವಿಯರ್ ಅನಾಲಿಸಿಸ್ ಓದುತ್ತೇನೆ ಅನ್ನುತ್ತಾಳೆ. ಮಂದಿಯ ನಡತೆ ನೋಡುವುದಕ್ಕೂ ಡಿಗ್ರಿ ಬೇಕೇ? ನಾನು 30 ವರ್ಷ ಮಗ್ಗದ ಮುಂದೆ ಕೂತು ಮಂದಿಯನ್ನೇ ನೋಡಿದ್ದೇನೆ. ಚಾಕಲೇಟು ಕೊಟ್ಟು ಮಕ್ಕಳನ್ನು ಪಳಗಿಸುವ ವಿದ್ಯೆ ಅದು ಅಂತ ಯಾರೋ ಹೇಳಿದರು. ಎಲ್ಲಿ ಕಲಿಸುತ್ತಾರೆ, ನೌಕರಿ ಸಿಗುತ್ತದೆಯೇ? ಇನ್ನೊಂದು ಮಾತು. ನಾನು ಮನೆಯಲ್ಲಿ ಸಿಟ್ಟು ಮಾಡಿದಾಗಲೆಲ್ಲ ಅವಳು ಕ್ಯಾಲೆಂಡರಿನ ಮೇಲೆ ಪೆನ್ಸಿಲ್ ಗೆರೆ ಹಾಕುತ್ತಾಳೆ. ಇದಕ್ಕೇನು ಮಾಡಲಿ?
– ನೇಕಾರರೊಬ್ಬರು, ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಸಂಪಾದಕರ ಉತ್ತರ:

ನಮಸ್ಕಾರ. ಕ್ಯಾಲೆಂಡರಿನ ಸಂಗತಿಗೆ ಕೊನೆಗೆ ಬರುತ್ತೇನೆ. ಮೊದಲು ನಿಮ್ಮ ಮಗ್ಗದಿಂದಲೇ ಶುರು ಮಾಡೋಣ.

ನಿಮಗೆ ಸೀರೆ ಲೆಕ್ಕದಲ್ಲಿ ಮಜೂರಿ. ಒಂದು ಸೀರೆ ಇಳಿಸಿದ ಮೇಲೆ ಏನು ಮಾಡುತ್ತೀರಿ? ಬೆನ್ನು ಚಾಚುತ್ತೀರಿ, ಚಹಾ ಕುಡಿಯುತ್ತೀರಿ, ಪಕ್ಕದವರ ಜೊತೆ ನಾಲ್ಕು ಮಾತಾಡುತ್ತೀರಿ. ಮುಂದಿನದಕ್ಕೆ ಕೈ ಹಾಕಲು ಸ್ವಲ್ಪ ಹೊತ್ತು ಬೇಕು. ಒಮ್ಮೆ ಹತ್ತಿತು ಅಂದರೆ ಮುಗಿಯುವ ತನಕ ಓಟ. ಅಮೆರಿಕದಲ್ಲಿ ಬಿ. ಎಫ್. ಸ್ಕಿನ್ನರ್ (1904–1990) ಅನ್ನುವ ವಿಜ್ಞಾನಿ ಪಾರಿವಾಳಗಳಲ್ಲಿ ಇದನ್ನೇ ಕಂಡರು. ಇಷ್ಟು ಸಲ ಕುಟುಕಿದರೆ ಒಮ್ಮೆ ಕಾಳು ಅಂತ ಗೊತ್ತು ಮಾಡಿದರೆ, ಕಾಳು ತಿಂದ ಪಾರಿವಾಳ ಸುಮ್ಮನೆ ನಿಲ್ಲುತ್ತದೆ. ಆಮೇಲೆ ಒಂದೇ ಉಸಿರಿಗೆ ಕುಟುಕುತ್ತದೆ. ಕುಟುಕಬೇಕಾದ ಲೆಕ್ಕ ಹೆಚ್ಚಿದಷ್ಟೂ ಆ ಬಿಡುವು ಉದ್ದವಾಗುತ್ತದೆ. ಅದೇ ಕಾಳು ಎಷ್ಟನೇ ಕುಟುಕಿಗೆ ಬೀಳುತ್ತದೋ ಗೊತ್ತಿಲ್ಲದ ಹಾಗೆ ಮಾಡಿದರೆ? ಬಿಡುವೇ ಇಲ್ಲ, ಕುಟುಕುತ್ತಲೇ ಇರುತ್ತದೆ. ಓಸಿ ಆಡುವವರು ಇವತ್ತಾದರೂ ನಂಬರ್ ಹತ್ತೀತು ಅಂತ ದಿನಾ ಚೀಟಿ ಬರೆಸುವುದೂ, ನಮ್ಮ ಮನೆಯ ಹುಡುಗರು ರಾತ್ರಿ 1 ಗಂಟೆಗೆ ರೀಲ್ಸ್ ಜಾಡಿಸುವುದೂ ಇದೇ ಲೆಕ್ಕ. ಸ್ಕಿನ್ನರ್ ಮತ್ತು ಫರ್ಸ್ಟರ್ ಇಬ್ಬರೂ ಇಂಥ ಲೆಕ್ಕಗಳನ್ನು 1957ರಲ್ಲಿ ದಪ್ಪ ಪುಸ್ತಕ ಮಾಡಿ ಹಾಕಿದರು. ತುಂಬ ಗ್ರಾಫ್.

ನೇಕಾರನನ್ನು ಪಾರಿವಾಳಕ್ಕೆ ಹೋಲಿಸಿದೆ ಅಂತ ಬೇಜಾರಾಗಬೇಡಿ. ಸಂಪಾದಕರೂ ಇದೇ ಜಾತಿ. ಸಂಚಿಕೆ ಪ್ರೆಸ್ಸಿಗೆ ಹೋದ ಮಾರನೇ ದಿನ ನನ್ನಿಂದ ಒಂದು ಸಾಲೂ ಬರೆಯಲಾಗುವುದಿಲ್ಲ.

ಅಂದರೆ ನೀವು 30 ವರ್ಷ ನೋಡಿದ್ದು ಸುಳ್ಳಲ್ಲ. ಆದರೆ ನಾವು ನೋಡುತ್ತೇವೆ, ನೋಡಿದ ಕೂಡಲೇ ಒಂದು ಹೆಸರು ಅಂಟಿಸಿ ಮುಗಿಸುತ್ತೇವೆ. 'ಅಂವ ಸೋಮಾರಿ.' 'ಅಕಿ ಹಟಮಾರಿ.' 'ಅವನ ಸ್ವಭಾವನ ಹಂಗ ಬಿಡ್ರಿ.' ಮುಂದೆ ಕೇಳುವುದೇನೂ ಉಳಿಯುವುದಿಲ್ಲ. ಯಾಕೆ ಕೆಲಸ ಮಾಡಲ್ಲ? ಸೋಮಾರಿ. ಸೋಮಾರಿ ಅಂತ ಹೇಗೆ ಗೊತ್ತು? ಕೆಲಸ ಮಾಡಲ್ಲ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು. ನಿಮ್ಮ ಮಗಳು ಓದಬೇಕು ಅನ್ನುತ್ತಿರುವ ವಿದ್ಯೆ ಹೆಸರು ಅಂಟಿಸುವುದನ್ನು ಬಿಟ್ಟು ಮೂರೇ ಪ್ರಶ್ನೆ ಕೇಳುತ್ತದೆ. ಮುಂಚೆ ಏನಾಯಿತು? ಏನು ಮಾಡಿದ? ಮಾಡಿದ ಮೇಲೆ ಅವನಿಗೆ ಏನು ಸಿಕ್ಕಿತು, ಏನು ತಪ್ಪಿತು?

ನನ್ನ ಸಾಲಿಯ ದಿನಗಳದ್ದೊಂದು ನೆನಪಿದೆ. ಗಣಿತದ ಪೀರಿಯಡ್ ಬಂತು ಅಂದರೆ ಒಬ್ಬ ಹುಡುಗ ಗಲಾಟೆ ಶುರು ಮಾಡುತ್ತಿದ್ದ. ಮಾಸ್ತರು ಸಿಟ್ಟಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಅವನು ಬೇವಿನ ಗಿಡದ ಕೆಳಗೆ ಆರಾಮಾಗಿ ನಿಂತು ಇಣಚಿ ನೋಡುತ್ತಿದ್ದ. ಮಾಸ್ತರರ ಲೆಕ್ಕದಲ್ಲಿ ಅದು ಶಿಕ್ಷೆ. ಅವನ ಲೆಕ್ಕದಲ್ಲಿ ಭಾಗಾಕಾರದಿಂದ ಬಿಡುಗಡೆ. ವರ್ಷ ಪೂರ್ತಿ ಗಲಾಟೆ ಜಾಸ್ತಿ ಆಯಿತೇ ಹೊರತು ಕಡಿಮೆ ಆಗಲಿಲ್ಲ. ಆಗಬೇಕಾದದ್ದೂ ಅದೇ ಅಲ್ವಾ? 1982ರಲ್ಲಿ ಬ್ರಯಾನ್ ಇವಾಟ ಮತ್ತು ಜೊತೆಗಾರರು, ತಮಗೆ ತಾವೇ ಹೊಡೆದುಕೊಳ್ಳುವ ಮಕ್ಕಳ ವಿಷಯದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಒಮ್ಮೆ ಮಗು ಹೊಡೆದುಕೊಂಡಾಗ ಹತ್ತಿರ ಹೋಗಿ ಕಾಳಜಿಯಿಂದ ಮಾತಾಡಿಸುವುದು. ಒಮ್ಮೆ ಕೊಟ್ಟ ಕೆಲಸವನ್ನು ನಿಲ್ಲಿಸುವುದು. ಒಮ್ಮೆ ಒಂಟಿಯಾಗಿ ಬಿಡುವುದು. ಒಮ್ಮೆ ಆಟ. ಹೊರಗಿನಿಂದ ನೋಡಿದರೆ ಎಲ್ಲರದೂ ಒಂದೇ ಹೊಡೆತ, ಆದರೆ ಕಾರಣ ಬೇರೆ ಬೇರೆ. ಒಬ್ಬರ ಗಮನಕ್ಕಾಗಿ ಹೊಡೆದುಕೊಳ್ಳುವ ಮಗುವಿಗೆ ಹೊಂದುವ ಉಪಾಯ, ಕೆಲಸ ತಪ್ಪಿಸಲು ಹೊಡೆದುಕೊಳ್ಳುವ ಮಗುವಿಗೆ ಉಲ್ಟಾ ಹೊಡೆಯುತ್ತದೆ. ಚಾಕಲೇಟಿನ ಮಾತು ಹೇಳಿದವರಿಗೆ ಇದನ್ನು ಹೇಳಿ.

ಯೂನಿವರ್ಸಿಟಿಯಲ್ಲಿ ಏನು ಕಲಿಸುತ್ತಾರೆ? ಜಾಸ್ತಿ ಹೊತ್ತು ಎಣಿಸುವುದನ್ನೇ. 'ಹಟ' ಅಂದರೆ ಎಣಿಸಲಾಗದು. 'ನೆಲದ ಮೇಲೆ ಬಿದ್ದು ಕಾಲು ಬಡಿಯುವುದು' ಅಂದರೆ ಎಣಿಸಬಹುದು. ಇಬ್ಬರು ಬೇರೆ ಬೇರೆ ಕೂತು ಎಣಿಸುತ್ತಾರೆ. 100ಕ್ಕೆ 80ರಷ್ಟಾದರೂ ಇಬ್ಬರದೂ ಹೊಂದಬೇಕು ಅನ್ನುವುದು ವಾಡಿಕೆ. ಮೊದಲು ಏನೂ ಮಾಡದೆ ಕೆಲವು ದಿನ ಎಣಿಕೆ. ಆಮೇಲೆ ಉಪಾಯ. ಆಮೇಲೆ ಆ ಉಪಾಯವನ್ನು ಬೇಕಂತಲೇ ನಿಲ್ಲಿಸಿ ಮತ್ತೆ ಎಣಿಕೆ. ಹಳೆಯದು ಮರುಕಳಿಸಿದರೆ, ಕೆಲಸ ಮಾಡಿದ್ದು ಉಪಾಯವೇ ಅಂತ ಖಾತ್ರಿ. ಮತ್ತೆ ಶುರು ಮಾಡುತ್ತಾರೆ. ಒಂದೇ ಮಗುವಿನ ಮೇಲೆ ಇಷ್ಟು ಗಟ್ಟಿಯಾಗಿ ಒಂದು ಮಾತು ಹೇಳಬಹುದು. ಇದನ್ನು ಪ್ರಯೋಗಶಾಲೆಯಿಂದ ಮನೆ, ಶಾಲೆಗಳಿಗೆ ತಂದವರಲ್ಲಿ ಬೇರ್, ವುಲ್ಫ್, ರಿಸ್ಲೆ ಎಂಬ ಮೂವರು ಮುಖ್ಯರು. ಕ್ಯಾನ್ಸಸ್ ಯೂನಿವರ್ಸಿಟಿಯವರು. ಈ ವಿದ್ಯೆ ಹೇಗಿರಬೇಕು ಅಂತ 1968ರಲ್ಲಿ ಒಂದು ಲೇಖನ ಬರೆದರು. ಇವತ್ತಿಗೂ ವಿದ್ಯಾರ್ಥಿಗಳಿಗೆ ಅದು ಮೊದಲ ಪಾಠ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1987ರಲ್ಲಿ ಲೋವಾಸ್ ಎಂಬುವರು ಆಟಿಸಂ, ಅಂದರೆ ಮಾತು ಮತ್ತು ಮಂದಿಯ ಜೊತೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ಇರುವ 19 ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಕಲಿಸಿದ ವರದಿ ಬಂತು. 9 ಮಕ್ಕಳು ಉಳಿದ ಮಕ್ಕಳಂತೆ ಶಾಲೆಗೆ ಹೋದರು ಅಂತ ದೊಡ್ಡ ಸುದ್ದಿ. ಅದರಲ್ಲಿ ಗದರುವುದು, ತೊಡೆಗೆ ಹೊಡೆಯುವುದು ಕೂಡ ಇತ್ತು. ಶಿಕ್ಷೆಯನ್ನು ನಂಬಬೇಡಿ ಅಂತ ಸ್ಕಿನ್ನರ್ ಹೇಳುತ್ತಲೇ ಇದ್ದರೂ! ಅಂಥ ಕಲಿಕೆಯಲ್ಲಿ ಬೆಳೆದ ಆಟಿಸಂ ಇರುವವರು ಈಗ ದೊಡ್ಡವರಾಗಿ ಮಾತಾಡುತ್ತಿದ್ದಾರೆ. ನಾವು ಕೈ ಆಡಿಸಿದರೆ ಯಾರಿಗೆ ತೊಂದರೆ, ಅದನ್ನು ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು ಅಂತ ನನಗನಿಸುತ್ತದೆ. ಮಗಳು ಪಠ್ಯದ ಜೊತೆಗೆ ಅವರು ಬರೆದದ್ದನ್ನೂ ಓದಲಿ.

ಇನ್ನು ಎಲ್ಲಿ, ಏನು, ಅನ್ನುವುದು. ಅಮೆರಿಕದ ನಾರ್ತ್ ಟೆಕ್ಸಾಸ್ ಯೂನಿವರ್ಸಿಟಿಯಲ್ಲಿ ಇದಕ್ಕೇ ಒಂದು ವಿಭಾಗವಿದೆ. ನಮ್ಮ ಕಡೆ ಹೆಚ್ಚಾಗಿ ಸೈಕಾಲಜಿ ಎಂ.ಎ.ಯೊಳಗಿನ ಪಾಠವಾಗಿ ಇದನ್ನು ಓದಬೇಕು. ನಿಮ್ಮ ಕಡೆ ಧಾರವಾಡ ಇದೆ, ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ಹಳೆಯದು. ಸೇರುವ ಮುಂಚೆ ಹೋಗಿ, ಈ ಪಾಠ ಎಷ್ಟು, ಮಕ್ಕಳ ಜೊತೆ ಕೂತು ಕಲಿಯುವ ಅವಕಾಶ ಎಷ್ಟು ಅಂತ ಕೇಳಿ ಬನ್ನಿ. ವಿಶೇಷ ಮಕ್ಕಳ ಶಿಕ್ಷಕಿ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸೇ ಆಗಬೇಕು. ಇದರಲ್ಲಿ ರಾಜಿ ಬೇಡ. ಬಿಹೇವಿಯರ್ ಅನಾಲಿಸಿಸ್ ಮಾಡುವವರಿಗೆ ಅಮೆರಿಕದ ಮಂಡಳಿಯೊಂದು ಕೊಡುವ ಬಿಸಿಬಿಎ ಸರ್ಟಿಫಿಕೇಟಿನ ಹೆಸರು ಹೇಳಿ ರೊಕ್ಕ ಕೇಳುವವರು ಸಿಗಬಹುದು. 2023ರಿಂದ ಭಾರತದಲ್ಲಿ ಇರುವವರಿಗೆ ಅದನ್ನು ಹೊಸದಾಗಿ ಕೊಡುತ್ತಿಲ್ಲ. '40 ಗಂಟೆಯಲ್ಲಿ ಥೆರಪಿಸ್ಟ್' ಅನ್ನುವ ಜಾಹೀರಾತು ಕಂಡರೂ ಹುಷಾರು. ಆ 40 ಗಂಟೆ, ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವ ಸಹಾಯಕರಿಗೆ ಇಟ್ಟ ಮೊದಲ ತರಬೇತಿ. ನೌಕರಿ? ವಿಶೇಷ ಶಾಲೆಗಳಿಗೆ, ಥೆರಪಿ ಕೇಂದ್ರಗಳಿಗೆ ಜನ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಆದರೆ ಕೆಲಸ ಬೆಂಗಳೂರಲ್ಲಿ ಜಾಸ್ತಿ, ಬಾಗಲಕೋಟೆಯಲ್ಲಿ ಕಡಿಮೆ. ಮಗಳು ಊರು ಬಿಡಬೇಕಾದೀತು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಈಗ ಕ್ಯಾಲೆಂಡರ್. ಹರಿದು ಹಾಕಬೇಡಿ. ಮಗಳ ತಪ್ಪು ಎರಡಿವೆ. ಒಂದು, ಎಣಿಸುವ ಮುಂಚೆ ನಿಮ್ಮನ್ನು ಕೇಳಬೇಕಿತ್ತು. ಒಪ್ಪಿಗೆ ಇಲ್ಲದೆ ಯಾರನ್ನೂ ಅಭ್ಯಾಸ ಮಾಡಬಾರದು, ಅಪ್ಪನನ್ನೂ. ಎರಡು, ಬರೀ ಗೆರೆ ಹಾಕಿದರೆ ಎಣಿಕೆಯಾಯಿತು, ಅನಾಲಿಸಿಸ್ ಆಗಲಿಲ್ಲ. ಗೆರೆಯ ಪಕ್ಕ ಹೊತ್ತು ಬರೆಯಲಿ. ಅದಕ್ಕಿಂತ ಮುಂಚೆ ಕರೆಂಟು ಹೋಗಿತ್ತೇ, ಎಳೆ ಕಡಿದಿತ್ತೇ, ಮಜೂರಿ ತಡವಾಗಿತ್ತೇ ಅಂತ ಬರೆಯಲಿ. ಸಿಟ್ಟು ಮಾಡಿದ ಮೇಲೆ ನಿಮಗೆ ಏನು ಸಿಕ್ಕಿತು ಅನ್ನುವುದಕ್ಕೆ ಇನ್ನೊಂದು ಕಾಲಂ ಇರಲಿ. ಆ ಕಾಲಂನಲ್ಲಿ ದಿನಾ 'ಕೂಡಲೇ ಚಹಾ ಬಂತು' ಅಂತ ಬಂದರೆ ಮಾತ್ರ ನಿಮ್ಮ ಮನೆಯವರಿಗೆ ತೋರಿಸಬೇಡಿ. ಚಹಾ ನಿಂತೀತು.